ಮೊದಲ ಕೈಟ್ ಎಷ್ಟು ಮೀಟರಿನದು? ಹೊಸದಾಗಿ ಕೈಟ್‌ಸರ್ಫಿಂಗ್ ಕಲಿತವರಿಗೆ ಅಳತೆಯ ಲೆಕ್ಕ

ರಾಮೇಶ್ವರದಲ್ಲೋ ಶ್ರೀಲಂಕಾದ ಕಲ್ಪಿಟಿಯದಲ್ಲೋ ಕೈಟ್‌ಸರ್ಫಿಂಗ್, ಅಂದರೆ ದೊಡ್ಡ ಗಾಳಿಪಟದ ಎಳೆತದಿಂದ ಬೋರ್ಡಿನ ಮೇಲೆ ನಿಂತು ನೀರಿನಲ್ಲಿ ಸಾಗುವ ಆಟ, ಕಲಿತು ಊರಿಗೆ ಮರಳಿದವರು ಕೇಳುವ ಮೊದಲ ಪ್ರಶ್ನೆ ಇದು: "ನನಗೆ ಎಷ್ಟು ಮೀಟರ್ ಕೈಟ್ ಬೇಕು?" ಅವಸರದಲ್ಲಿರುವವರಿಗೆ ಉತ್ತರ ಇಷ್ಟು. ಗಾಳಿ 16ರಿಂದ 20 ನಾಟ್ ಇರುವ ಜಾಗದಲ್ಲಿ, 60 ಕೆ.ಜಿ. ಆಸುಪಾಸಿನವರಿಗೆ 7 ಅಥವಾ 8, 75 ಕೆ.ಜಿ. ಆಸುಪಾಸಿನವರಿಗೆ 9, 90 ಕೆ.ಜಿ. ಆಸುಪಾಸಿನವರಿಗೆ 11. ಆದರೆ ಇದೇ ಉತ್ತರವನ್ನು ಹಿಡಿದುಕೊಂಡು ಗೋವಾಕ್ಕೆ ಹೋದರೆ ಕೈಟ್ ಮೇಲೇಳುವುದೇ ಕಷ್ಟ. ಜುಲೈ ತಿಂಗಳ ಕಲ್ಪಿಟಿಯಕ್ಕೆ ಹೋದರೆ ಅದೇ ಕೈಟ್ ಹೆಚ್ಚಾಗಿಬಿಡಬಹುದು. ಆದ್ದರಿಂದ ಸಂಖ್ಯೆಗಿಂತ ಸಂಖ್ಯೆಗೆ ತಲುಪುವ ದಾರಿ ತಿಳಿದಿರುವುದು ಮುಖ್ಯ.

ಮೊದಲು ಕೆಲವು ಮಾತುಗಳ ಅರ್ಥ. "ಒಂಬತ್ತು ಮೀಟರ್ ಕೈಟ್" ಎಂದರೆ ಒಂಬತ್ತು ಮೀಟರ್ ಉದ್ದದ್ದಲ್ಲ. ಬಟ್ಟೆಯನ್ನು ಚಪ್ಪಟೆಯಾಗಿ ಹಾಸಿದಾಗ ಬರುವ ವಿಸ್ತೀರ್ಣ 9 ಚದರ ಮೀಟರ್ ಎಂದರ್ಥ. ನಾಟ್ ಎಂಬುದು ಗಾಳಿಯ ವೇಗದ ಅಳತೆ. 1 ನಾಟ್ ಎಂದರೆ ಗಂಟೆಗೆ 1.85 ಕಿ.ಮೀ. ಮೊಬೈಲಿನ ಹವಾಮಾನ ಆ್ಯಪ್ ಕಿ.ಮೀ.ಯಲ್ಲಿ ತೋರಿಸುತ್ತಿದ್ದರೆ ಸೆಟ್ಟಿಂಗ್‌ನಲ್ಲಿ ನಾಟ್‌ಗೆ ಬದಲಿಸಿಕೊಳ್ಳಿ. 20 ಕಿ.ಮೀ.ಯನ್ನು 20 ನಾಟ್ ಎಂದು ಓದಿಕೊಂಡು ಮೋಸಹೋದವರು ಬಹಳ. ಗಸ್ಟ್ ಎಂದರೆ ಕೆಲವು ಕ್ಷಣ ಮಾತ್ರ ದಿಢೀರನೆ ಹೆಚ್ಚುವ ಬೀಸು. ಬಾರ್ ಎಂದರೆ ನಿಮ್ಮ ಕೈಯಲ್ಲಿರುವ ಅಡ್ಡಪಟ್ಟಿ. ಅದನ್ನು ಹತ್ತಿರ ಎಳೆದುಕೊಂಡರೆ ಎಳೆತ ಹೆಚ್ಚುತ್ತದೆ, ದೂರ ತಳ್ಳಿದರೆ ಕಡಿಮೆಯಾಗುತ್ತದೆ. ಹೀಗೆ ಎಳೆತ ಇಳಿಸುವುದಕ್ಕೆ ಡಿಪವರ್ ಎನ್ನುತ್ತಾರೆ.

1. ಕಲಿತು ಮುಗಿಯುವ ಮೊದಲು ಕೊಳ್ಳಬೇಡಿ

ತರಬೇತಿಗೆ ಮೊದಲೇ ಕೊಂಡ ಕೈಟ್ ಬಹುಪಾಲು ತಪ್ಪು ಅಳತೆಯದೇ ಆಗಿರುತ್ತದೆ. ಈ ಮೂರು ಕೆಲಸ ನಿಮಗೆ ಬರುತ್ತಿದ್ದರೆ ಕೊಳ್ಳುವ ಯೋಚನೆ ಮಾಡಿ: ನೀರಿಗೆ ಬಿದ್ದ ಕೈಟನ್ನು ಯಾರ ನೆರವೂ ಇಲ್ಲದೆ ಮತ್ತೆ ಎಬ್ಬಿಸುವುದು, ಬೋರ್ಡ್ ಕೈಬಿಟ್ಟಾಗ ಕೈಟಿನ ಎಳೆತದಿಂದಲೇ ಗಾಳಿಗೆ ಓರೆಯಾಗಿ ಈಜಿ ಬೋರ್ಡ್ ತಲುಪುವುದು, ಎಡಕ್ಕೂ ಬಲಕ್ಕೂ 50 ಮೀಟರಿನಷ್ಟಾದರೂ ನಿಂತು ಸಾಗುವುದು.

ತರಬೇತಿಯಲ್ಲಿ ಪ್ರತಿದಿನ ಮೂರು ವಿಷಯ ಬರೆದಿಟ್ಟುಕೊಳ್ಳಿ: ಆ ದಿನದ ಗಾಳಿ ಎಷ್ಟು, ಕೈಟ್ ಎಷ್ಟು, ಬೋರ್ಡ್ ಎಷ್ಟು ಉದ್ದ. ಇಲ್ಲೊಂದು ಎಚ್ಚರ ಬೇಕು. ಮೊದಲೆರಡು ದಿನ ತರಬೇತುದಾರರು ಬೇಕೆಂದೇ ಚಿಕ್ಕ ಕೈಟ್ ಕೊಡುತ್ತಾರೆ. ನೀವು ತಪ್ಪು ಮಾಡಿದಾಗ ಅದು ನಿಮ್ಮನ್ನು ದೂರ ಎಳೆದೊಯ್ಯಬಾರದು ಎಂಬುದು ಕಾರಣ. "ಕಲಿತದ್ದು 6 ಮೀಟರಿನಲ್ಲಿ, ಅದನ್ನೇ ಕೊಳ್ಳುತ್ತೇನೆ" ಎಂದರೆ ಬೋರ್ಡಿನ ಮೇಲೆ ಎದ್ದು ನಿಲ್ಲುವಷ್ಟು ಎಳೆತವೇ ಸಿಗದೆ ಹೋಗಬಹುದು. ನೀವು ಬೋರ್ಡಿನ ಮೇಲೆ ನಿಜವಾಗಿ ಸಾಗಿದ ದಿನದ ಅಳತೆ ಮಾತ್ರ ಲೆಕ್ಕಕ್ಕೆ ಬರುತ್ತದೆ.

2. ತೂಕ ನೋಡಿಕೊಳ್ಳಿ

ಬೆಳಿಗ್ಗೆ ಎದ್ದು ತಕ್ಕಡಿಯ ಮೇಲೆ ನಿಂತಾಗ ತೋರಿಸುವ ತೂಕ ಸಾಕು. ಸೊಂಟಕ್ಕೆ ಕಟ್ಟುವ ಹಾರ್ನೆಸ್, ಜಾಕೆಟ್ ಸೇರಿಸುವುದು ಬೇಡ. ಲೆಕ್ಕದ ಸೂತ್ರ ಬರಿಯ ಮೈತೂಕಕ್ಕೇ ಮಾಡಿದ್ದು. ಗೆಳೆಯನ ಕೈಟ್ ನೋಡಿ ಅದನ್ನೇ ಕೊಳ್ಳುವ ಮೊದಲು ಗೆಳೆಯನ ತೂಕ ಕೇಳಿ. 58 ಕೆ.ಜಿ.ಯವರಿಗೂ 82 ಕೆ.ಜಿ.ಯವರಿಗೂ ಅದೇ ಗಾಳಿಯಲ್ಲಿ ಮೂರು ಮೀಟರಿನ ವ್ಯತ್ಯಾಸ ಬರುತ್ತದೆ.

3. ನೀವು ಆಡುವ ಜಾಗದ ಗಾಳಿ ತಿಳಿಯಿರಿ

ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದ ಹಂತ ಇದೇ. ಕೈಟಿನ ಮೇಲೆ ಗಾಳಿಯ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡರಷ್ಟಾದರೆ ಬಲ ನಾಲ್ಕರಷ್ಟು. 15 ನಾಟ್ 20 ಆದರೆ ಬಲ ಸುಮಾರು 1.8 ಪಟ್ಟಾಗುತ್ತದೆ, ಕೈಟ್ 9ರಿಂದ 12ಕ್ಕೆ ಹೋದರೆ ಹೆಚ್ಚುವುದು 1.33 ಪಟ್ಟು ಮಾತ್ರ. ಅಂದರೆ ಕೈಟಿನ ಅಳತೆಯಲ್ಲಿ ಮೂರು ಮೀಟರ್ ತಪ್ಪುವುದಕ್ಕಿಂತ ಗಾಳಿಯ ಅಂದಾಜಿನಲ್ಲಿ ಐದು ನಾಟ್ ತಪ್ಪುವುದು ದೊಡ್ಡ ತಪ್ಪು. ಎರಡೂ ಒಟ್ಟಿಗೆ ತಪ್ಪಿದರೆ ಎಳೆತ ಎರಡು ಪಟ್ಟು ಮೀರುತ್ತದೆ. ಹೊಸಬರಿಗೆ ಪೆಟ್ಟಾಗುವುದು ಹೆಚ್ಚಾಗಿ ಇಂಥ ದಿನವೇ.

ನಮ್ಮವರು ಹೆಚ್ಚಾಗಿ ಹೋಗುವ ಜಾಗಗಳನ್ನೇ ತೆಗೆದುಕೊಳ್ಳೋಣ. ಪಾಕ್ ಕೊಲ್ಲಿ, ಮನ್ನಾರ್ ಕೊಲ್ಲಿಗಳ ನಡುವೆ ಇರುವ ರಾಮೇಶ್ವರ ದ್ವೀಪಕ್ಕೆ ವರ್ಷದಲ್ಲಿ ಎರಡು ಗಾಳಿಗಾಲ. ನೈಋತ್ಯ ಮಾರುತದ ತಿಂಗಳುಗಳಲ್ಲಿ ಗಾಳಿ ಬಲವಾಗಿ, ದಿನವಿಡೀ ಬೀಸುತ್ತದೆ. ವರ್ಷದ ಮೊದಲ ತಿಂಗಳುಗಳ ಈಶಾನ್ಯ ಗಾಳಿ ಅದಕ್ಕಿಂತ ಹಗುರ. ಅಲ್ಲಿನ ಹಳೆಯ ಪಾಂಬನ್ ಸೇತುವೆಯ ಮೇಲೆ ಗಾಳಿ ಗಂಟೆಗೆ 58 ಕಿ.ಮೀ. ದಾಟಿದರೆ ರೈಲು ನಿಲ್ಲಿಸುವ ವ್ಯವಸ್ಥೆ ಇತ್ತು. ಅದು 31 ನಾಟ್. ರೈಲಿಗೇ ತಡೆ ಹಾಕುವ ಗಾಳಿ ಬೀಸುವ ಊರದು ಎಂಬುದು ನೆನಪಿರಲಿ.

ಕಲ್ಪಿಟಿಯದಲ್ಲಿ ಮೇಯಿಂದ ಅಕ್ಟೋಬರ್‌ವರೆಗಿನ ಗಾಳಿ ಜೋರು. 20 ನಾಟ್ ಅಲ್ಲಿ ಸಾಮಾನ್ಯ. ಡಿಸೆಂಬರ್ ನಡುವಿನಿಂದ ಮಾರ್ಚ್ ನಡುವಿನವರೆಗಿನ ಗಾಳಿ ಅಷ್ಟು ಬಲವಲ್ಲ, 15ರ ಸುತ್ತ ಇರುತ್ತದೆ. ಗೋವಾದ ಮೋರ್ಜಿಮ್ ಕಡೆ ಬೇಸಿಗೆಗೆ ಮುಂಚಿನ ತಿಂಗಳುಗಳಲ್ಲಿ ಸಿಗುವುದು ಮಧ್ಯಾಹ್ನದ ಮೇಲೆ ಏಳುವ ಕಡಲಗಾಳಿ. ನೆಲ ಕಾದು, ಅದರ ಮೇಲಿನ ಗಾಳಿ ಮೇಲೇರಿದಾಗ ಆ ಜಾಗಕ್ಕೆ ಕಡಲ ಕಡೆಯ ತಂಪುಗಾಳಿ ನುಗ್ಗುತ್ತದೆ. ಇದು 10ರಿಂದ 14 ನಾಟ್ ದಾಟುವುದು ಅಪರೂಪ. ನಮ್ಮ ಕರಾವಳಿಯಲ್ಲೂ ಬೇಸಿಗೆಯ ಗಾಳಿ ಇದೇ ಜಾತಿಯದು. ಮಳೆಗಾಲದಲ್ಲಿ ಉಡುಪಿ, ಮಂಗಳೂರು ಕಡೆ ಬೇಕಾದಷ್ಟು ಗಾಳಿ ಇರುತ್ತದಲ್ಲ ಎಂದು ಕೆಲವರು ಕೇಳುತ್ತಾರೆ. ಗಾಳಿ ಇರುವುದು ನಿಜ. ಆದರೆ ಅದು ಕಡಲಿನಿಂದ ನೇರ ದಡಕ್ಕೆ ನುಗ್ಗುತ್ತದೆ, ದಡದಲ್ಲೇ ದೊಡ್ಡ ತೆರೆ ಒಡೆಯುತ್ತದೆ. ಕೈಟ್ ತಪ್ಪಿದರೆ ತಪ್ಪು ತಿದ್ದಿಕೊಳ್ಳಲು ಜಾಗವಿಲ್ಲದೆ ನೀವು ಕಲ್ಲಿನ ತಡೆಗೋಡೆಗೋ ತೆಂಗಿನ ಮರಕ್ಕೋ ಬಡಿಯುತ್ತೀರಿ. ಹೊಸಬರಿಗೆ ಅದು ಜಾಗವೇ ಅಲ್ಲ.

ಹೊಸಬರಿಗೆ ಬೇಕಾದದ್ದು ದಡಕ್ಕೆ ಪಕ್ಕದಿಂದ, ಇಲ್ಲವೇ ಪಕ್ಕದಿಂದ ಸ್ವಲ್ಪ ದಡದ ಕಡೆಗೆ ಓರೆಯಾಗಿ ಬೀಸುವ ಗಾಳಿ. ದಡದಿಂದ ಕಡಲಿಗೆ ಬೀಸುವ ಗಾಳಿಯಲ್ಲಿ, ಕಾಯುವ ದೋಣಿ ಇಲ್ಲದಿದ್ದರೆ, ಇಳಿಯಲೇಬೇಡಿ.

ಗಾಳಿಯ ಅಂಕಿ ಓದುವಾಗ ಆಗುವ ತಪ್ಪುಗಳು ಹಲವು. ಆ್ಯಪ್‌ನಲ್ಲಿ ಸರಾಸರಿ ಮತ್ತು ಗಸ್ಟ್ ಎಂದು ಎರಡು ಅಂಕಿ ಇರುತ್ತವೆ. ಕೈಟಿನ ಲೆಕ್ಕಕ್ಕೆ ಸರಾಸರಿ, ಇಳಿಯಬೇಕೋ ಬೇಡವೋ ಎಂಬ ತೀರ್ಮಾನಕ್ಕೆ ಗಸ್ಟ್. ಎರಡರ ನಡುವೆ 8–10 ನಾಟ್ ಅಂತರವಿದ್ದರೆ ಆ ದಿನ ಹೊಸಬರು ದಡದಲ್ಲೇ ಇರುವುದು ಒಳ್ಳೆಯದು. ಮುನ್ಸೂಚನೆಯ ಅಂಕಿ ನೆಲದಿಂದ 10 ಮೀಟರ್ ಎತ್ತರದ ಗಾಳಿಯದು. ನಿಮ್ಮ ಕೈಟ್ ಹಾರುವುದು 20 ಮೀಟರಿನ ಸುತ್ತ, ಅಲ್ಲಿ ಗಾಳಿ ಇನ್ನೂ ಹೆಚ್ಚು. ದಡದಲ್ಲಿ ನಿಂತ ನಿಮ್ಮ ಮುಖಕ್ಕೆ ತಾಗುವುದು ಅದಕ್ಕಿಂತ ಕಡಿಮೆ. ಜಾಗತಿಕ ಮುನ್ಸೂಚನೆಗಳು ಹಲವು ಕಿ.ಮೀ. ಅಗಲದ ಚೌಕಗಳಲ್ಲಿ ಲೆಕ್ಕ ಹಾಕುವುದರಿಂದ ಮಧ್ಯಾಹ್ನದ ಕಡಲಗಾಳಿ ಅವುಗಳ ಕಣ್ಣಿಗೆ ಸರಿಯಾಗಿ ಬೀಳುವುದೂ ಇಲ್ಲ. ಆದ್ದರಿಂದ ಒಂದು ಕೈ ಗಾಳಿಮಾಪಕ ಕೊಂಡಿರಿ. ಗಾಳಿಗೆ ಅಡ್ಡಿ ಇಲ್ಲದ ಬಯಲಲ್ಲಿ ಅದನ್ನು ತಲೆಯ ಮೇಲೆ ಎತ್ತಿ ಹಿಡಿದು, ಎರಡು ನಿಮಿಷ ನೋಡಿ, ಅತಿ ಕಡಿಮೆ ಮತ್ತು ಅತಿ ಹೆಚ್ಚು ಅಂಕಿಯನ್ನು ಬರೆದುಕೊಳ್ಳಿ. ಮಾಪಕ ಇಲ್ಲದಿದ್ದರೆ ನೀರನ್ನು ನೋಡಿ: ಅಲ್ಲೊಂದು ಇಲ್ಲೊಂದು ಬಿಳಿನೊರೆ ಕಂಡರೆ 10 ನಾಟ್ ಆಸುಪಾಸು, ಕಣ್ಣು ಹಾಯಿಸಿದಲ್ಲೆಲ್ಲ ಬಿಳಿನೊರೆ ಇದ್ದರೆ 15 ದಾಟಿದೆ.

4. ಲೆಕ್ಕ ಹಾಕಿ

ಬಳಕೆಯಲ್ಲಿರುವ ಸುಲಭ ಸೂತ್ರ ಇದು:

ಕೈಟ್ ಅಳತೆ = ಮೈತೂಕ (ಕೆ.ಜಿ.) ÷ ಗಾಳಿ (ನಾಟ್) × 2.2

75 ಕೆ.ಜಿ.ಯವರಿಗೆ 18 ನಾಟ್ ಗಾಳಿಯಲ್ಲಿ: 75 ÷ 18 × 2.2 = 9.2. ಅಂದರೆ 9 ಮೀಟರ್. ಅದೇ ವ್ಯಕ್ತಿಗೆ 15 ನಾಟ್‌ನಲ್ಲಿ 11, 12 ನಾಟ್‌ನಲ್ಲಿ 13.8, 25 ನಾಟ್‌ನಲ್ಲಿ 6.6. 55 ಕೆ.ಜಿ.ಯವರಿಗೆ 15 ನಾಟ್‌ನಲ್ಲಿ 8, 18ರಲ್ಲಿ 6.7. 85 ಕೆ.ಜಿ.ಯವರಿಗೆ 15ರಲ್ಲಿ 12.5, 18ರಲ್ಲಿ 10.4.

ಸೂತ್ರ ಅನುಭವದಿಂದ ಬಂದದ್ದು. 12ರಿಂದ 25 ನಾಟ್ ನಡುವೆ ಮಾತ್ರ ನಂಬಬಹುದು. ಅದು ನೀರಿನ ಮೇಲೆ ಆಡುವ ಸಾಮಾನ್ಯ ಬೋರ್ಡಿಗೆ ಹೇಳಿದ್ದು. ನೀರಿನೊಳಗೆ ರೆಕ್ಕೆ ಇರುವ ಫಾಯಿಲ್ ಬೋರ್ಡಿಗೆ ಇದಕ್ಕಿಂತ ಬಹಳ ಚಿಕ್ಕ ಕೈಟ್ ಸಾಕು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಡದ್ದು ಆ ಫಾಯಿಲ್ ಬೋರ್ಡುಗಳೇ. ಅದನ್ನು ನೋಡಿ ಅಳತೆ ನಿರ್ಧರಿಸಬೇಡಿ.

ಗಾಳಿಯ ಜಾಗದಲ್ಲಿ ಯಾವ ಅಂಕಿ ಹಾಕಬೇಕು? ನೀವು ಹೋಗುವ ತಿಂಗಳುಗಳಲ್ಲಿ ಹೆಚ್ಚು ದಿನ ಬೀಸುವ ಗಾಳಿಯನ್ನು. ವರ್ಷಕ್ಕೆ ಎರಡು ವಾರ ರಜೆ ಹಾಕಿ ಜುಲೈನಲ್ಲಿ ಕಲ್ಪಿಟಿಯಕ್ಕೆ ಹೋಗುವ ಬೆಂಗಳೂರಿನವರು ಹಾಕಬೇಕಾದ್ದು 20; ವಾರಾಂತ್ಯಗಳಲ್ಲಿ ಗೋವಾಕ್ಕೆ ಹೋಗುವ ಹುಬ್ಬಳ್ಳಿಯವರು ಹಾಕಬೇಕಾದ್ದು 12 ಅಥವಾ 13. ಇಬ್ಬರ ತೂಕ ಒಂದೇ ಇದ್ದರೂ ಕೊಳ್ಳುವ ಕೈಟ್ ಬೇರೆ.

5. ಎರಡು ಅಳತೆಗಳ ನಡುವೆ ಸಿಕ್ಕಿಕೊಂಡರೆ ಬೋರ್ಡಿನ ಕಡೆ ನೋಡಿ

ಲೆಕ್ಕ 9.8 ಎಂದು ಬಂತು. ಅಂಗಡಿಯಲ್ಲಿ 9 ಇದೆ, 12 ಇದೆ. ಬಹಳ ಜನ ಇಲ್ಲಿ 12ನ್ನು ಆರಿಸುತ್ತಾರೆ. "ಗಾಳಿ ಕಡಿಮೆ ಇದ್ದ ದಿನವೂ ಆಗುತ್ತದೆ, ಜೋರಿದ್ದರೆ ಡಿಪವರ್ ಮಾಡಿಕೊಂಡರಾಯಿತು" ಎಂಬುದು ಅವರ ವಾದ. ಈ ವಾದ ಅಪಾಯಕರ. ಡಿಪವರ್ ಕೆಲಸ ಮಾಡುವುದು ಕೈಟ್ ಮೇಲೆ ಹಾರುತ್ತಿರುವಾಗ. ಹೊಸಬರ ಕೈಟ್ ಪದೇ ಪದೇ ಬೀಳುತ್ತದೆ. ಬೀಳುವಾಗ ಗಾಳಿಯ ನೇರ ದಾರಿಯಲ್ಲಿ, ಅತಿ ಹೆಚ್ಚು ಎಳೆತ ಹುಟ್ಟುವ ಭಾಗದಲ್ಲಿ ಹಾದು ಬೀಳುತ್ತದೆ. ಜೊತೆಗೆ, ಹೆದರಿದ ಮನುಷ್ಯ ಬಾರನ್ನು ತಳ್ಳುವುದಿಲ್ಲ, ಎದೆಗೆ ಎಳೆದುಕೊಳ್ಳುತ್ತಾನೆ. ದೊಡ್ಡ ಕೈಟ್ ತಿರುಗುವುದೂ ನಿಧಾನ, ಆದ್ದರಿಂದ ತಪ್ಪಿದ ಮೇಲೆ ಎಳೆಯುವ ಹೊತ್ತೂ ಹೆಚ್ಚು.

ಎಳೆತ ಸ್ವಲ್ಪ ಸಾಲದು ಅನಿಸಿದರೆ ಆ ಕೊರತೆಯನ್ನು ದೊಡ್ಡ ಬೋರ್ಡಿನಿಂದ ತುಂಬಿಕೊಳ್ಳಿ, ದೊಡ್ಡ ಕೈಟಿನಿಂದ ಅಲ್ಲ. ದೊಡ್ಡ ಬೋರ್ಡ್ ಕಡಿಮೆ ವೇಗದಲ್ಲೇ ನೀರಿನಿಂದ ಮೇಲೆದ್ದು ಜಾರತೊಡಗುತ್ತದೆ. ಅದು ನಿಮ್ಮನ್ನು ಎಲ್ಲಿಗೂ ಎತ್ತಿ ಎಸೆಯುವುದಿಲ್ಲ. 75 ಕೆ.ಜಿ.ಯ ಅನುಭವಿಗಳು 138 ಸೆಂ.ಮೀ. ಉದ್ದ, 41 ಸೆಂ.ಮೀ. ಅಗಲದ ಬೋರ್ಡ್ ಬಳಸಿದರೆ ಅದೇ ತೂಕದ ಹೊಸಬರು 145–150 ಉದ್ದ, 43–45 ಅಗಲದ್ದು ತೆಗೆದುಕೊಳ್ಳಲಿ. 60 ಕೆ.ಜಿ.ಯವರಿಗೆ 140 × 42 ಆಸುಪಾಸು, 90 ಕೆ.ಜಿ.ಯವರಿಗೆ 155 ಅಥವಾ ಇನ್ನೂ ದೊಡ್ಡದು. ಮೊದಲ ವರ್ಷ ಹೀಗೆ ಕಳೆಯಲಿ. ಆಮೇಲೆ ಬೋರ್ಡ್ ಮಾರಿ ಚಿಕ್ಕದನ್ನು ಕೊಳ್ಳಬಹುದು. ತೀರ ದೊಡ್ಡ ಬೋರ್ಡಿಗೂ ಒಂದು ಮಿತಿಯಿದೆ: 20 ನಾಟ್ ದಾಟಿ ನೀರು ಕುಲುಕತೊಡಗಿದರೆ ಅದರ ಅಂಚನ್ನು ನೀರಿಗೆ ಒತ್ತಿ ಹಿಡಿಯುವುದು ಕಷ್ಟವಾಗುತ್ತದೆ.

ಹಾಗೆಂದು ಕೈಟ್ ಚಿಕ್ಕದಾದಷ್ಟೂ ಒಳ್ಳೆಯದು ಎಂದೇನಿಲ್ಲ. ಗಾಳಿ ಸಾಲದ ಕೈಟ್ ಆಕಾಶದಿಂದ ಹಿಮ್ಮುಖವಾಗಿ ಜಾರಿ ಬೀಳುತ್ತದೆ, ಬಿದ್ದದ್ದು ಏಳುವುದಿಲ್ಲ, ದಡದಿಂದ ದೂರದಲ್ಲಿ ಹಾಗಾದರೆ ಎಲ್ಲವನ್ನೂ ಸುತ್ತಿಕೊಂಡು ಈಜಬೇಕಾಗುತ್ತದೆ. ಲೆಕ್ಕದಿಂದ ಒಂದು ಮೀಟರ್ ಕೆಳಗಿನವರೆಗೆ ಇಳಿಯಬಹುದು, ಅದಕ್ಕಿಂತ ಬೇಡ. ಗೋವಾದಂಥ ಹಗುರ, ಸಮನಾದ ಗಾಳಿಯಲ್ಲಿ ಮಾತ್ರ ಮೇಲಿನ ಅಳತೆಗೆ ಹೋಗಬಹುದು.

6. ಆಕಾರ

ಅಳತೆ ಒಂದೇ ಆದರೂ ಎಲ್ಲ ಕೈಟ್ ಒಂದೇ ಥರ ಎಳೆಯುವುದಿಲ್ಲ. ಫ್ರಾನ್ಸಿನ ಲೆಗಾನ್ಯೂ ಸಹೋದರರು 1984ರಲ್ಲಿ ಪೇಟೆಂಟ್ ಪಡೆಯಲು ಹೊರಟದ್ದು ಮುಂದಿನ ಅಂಚಿನಲ್ಲಿ ಗಾಳಿ ತುಂಬಿದ ಕೊಳವೆ ಇರುವ ಕೈಟಿಗೆ. ಆ ಕೊಳವೆಯಿಂದಾಗಿಯೇ ಕೈಟ್ ನೀರಿನ ಮೇಲೆ ತೇಲುತ್ತದೆ, ಮತ್ತೆ ಏಳುತ್ತದೆ. ಹೊಸಬರಿಗೆ ಬೇಕಾದ್ದು ಈ ಬಗೆಯದೇ. ಅದರಲ್ಲೂ ಬೋ, ಡೆಲ್ಟಾ ಅಥವಾ ಹೈಬ್ರಿಡ್ ಎಂದು ಕರೆಯುವ ಆಕಾರ, ಅಡ್ಡ ಕೊಳವೆಗಳು ಮೂರು ಇರುವಂಥದ್ದು. ಸಿ ಆಕಾರದ ಕೈಟ್ ಬೇಡ. ಅದರಲ್ಲಿ ಡಿಪವರ್ ಕಡಿಮೆ. ಕೊಳವೆಯಿಲ್ಲದ ಫಾಯಿಲ್ ಕೈಟೂ ಬೇಡ. ನೀರಿಗೆ ಬಿದ್ದರೆ ಹೊಸಬರ ಕೈಯಲ್ಲಿ ಎಬ್ಬಿಸಲಾಗದು.

ತಯಾರಕರ ಪಟ್ಟಿಯಲ್ಲಿ "9 ಮೀಟರ್: 15ರಿಂದ 30 ನಾಟ್" ಎಂದಿರುತ್ತದೆ. ಮೇಲಿನ ಮಿತಿ ನುರಿತವರಿಗೆ. ನಿಮ್ಮದು ಆ ಪಟ್ಟಿಯ ಕೆಳಗಿನ ಅರ್ಧ ಮಾತ್ರ, ಅಂದರೆ 15ರಿಂದ 22.

7. ಬಾರ್ ಮತ್ತು ಲೈನು

ಕೈಟ್ ಕಂಪನಿಯದೇ ಬಾರ್ ಕೊಳ್ಳಿ. ಬೇರೆ ಕಂಪನಿಯ ಬಾರ್ ಹಾಕಿದರೆ ಲೈನುಗಳ, ಅಂದರೆ ಬಾರನ್ನು ಕೈಟಿಗೆ ಜೋಡಿಸುವ ದಾರಗಳ, ಉದ್ದ ಹೊಂದದೆ ಕೈಟ್ ಹಿಮ್ಮುಖ ಬೀಳಬಹುದು. ಇನ್ನೂ ಕೆಟ್ಟದ್ದೆಂದರೆ ಬಿಡುಗಡೆ ಮಾಡಿದಾಗ ಎಳೆತ ಪೂರ್ತಿ ಇಳಿಯದೇ ಇರಬಹುದು. ಲೈನಿನ ಉದ್ದ 20ರಿಂದ 24 ಮೀಟರ್ ಇರಲಿ. ಎದೆಯ ಮುಂದಿನ ಕ್ವಿಕ್ ರಿಲೀಸ್, ಅಂದರೆ ಒಮ್ಮೆ ತಳ್ಳಿದರೆ ಕೈಟಿನ ಬಲವನ್ನು ಕಳಚುವ ಹಿಡಿ, ಐಎಸ್ಒ 21853 ಎಂಬ 2020ರ ಮಾನದಂಡಕ್ಕೆ ಹೊಂದಿದೆಯೇ ಎಂದು ಕೇಳಿ. ಹಿಡಿಗೆ ಮರಳು, ಉಪ್ಪು ಕಟ್ಟಿಕೊಂಡರೆ ಅದು ಬಿಗಿಯುತ್ತದೆ. ಪ್ರತಿ ಸಲ ಸಿಹಿನೀರಿನಲ್ಲಿ ತೊಳೆಯಿರಿ, ಪ್ರತಿ ಸಲ ನೀರಿಗಿಳಿಯುವ ಮೊದಲು ಒಮ್ಮೆ ಬಿಚ್ಚಿ ಜೋಡಿಸಿ.

8. ಹಳೆಯ ಕೈಟ್ ಕೊಳ್ಳುವುದಾದರೆ

ಮೊದಲ ಕೈಟ್ ಹಳೆಯದಾದರೆ ತಪ್ಪೇನೂ ಇಲ್ಲ. ಆದರೆ ಅಗ್ಗಕ್ಕೆ ಸಿಕ್ಕಿತೆಂದು ಅಳತೆ ಬದಲಿಸಬೇಡಿ. ಅಗ್ಗಕ್ಕೆ ಸಿಗುವುದು ಹೆಚ್ಚಾಗಿ 12, 14 ಮೀಟರಿನವೇ. ಐದಾರು ವರ್ಷಕ್ಕಿಂತ ಹಳೆಯದನ್ನು ಬಿಟ್ಟುಬಿಡಿ. 2005ಕ್ಕೂ ಹಿಂದಿನದಾದರೆ ಉಚಿತವಾಗಿ ಕೊಟ್ಟರೂ ಬೇಡ; ಈಗಿನಂಥ ಡಿಪವರ್ ಬಂದದ್ದೇ ಆಮೇಲೆ.

ನೋಡುವ ಬಗೆ ಹೀಗೆ. ಕೊಳವೆಯ ಮೇಲೆ ಅಚ್ಚಾದ ಒತ್ತಡಕ್ಕೆ, ಸಾಮಾನ್ಯವಾಗಿ 6ರಿಂದ 8 ಪಿಎಸ್ಐಗೆ, ಗಾಳಿ ತುಂಬಿ ಎರಡು ಗಂಟೆ ಬಿಡಿ. ಮೆತ್ತಗಾದರೆ ಒಳಗಿನ ಗಾಳಿಚೀಲ (ಬ್ಲ್ಯಾಡರ್) ಸೋರುತ್ತಿದೆ. ನಮ್ಮ ಬಿಸಿಲಿಗೆ ಕವಾಟದ ಅಂಟು ಬಿಡುವುದು ಸಾಮಾನ್ಯ. ಕಾರಿನ ಡಿಕ್ಕಿಯಲ್ಲಿ ಇಟ್ಟ ಕೈಟ್ ಎಂದು ಮಾಲೀಕರು ಹೇಳಿದರೆ ಕವಾಟದ ಸುತ್ತ ಬೆರಳಾಡಿಸಿ ನೋಡಿ. ಬಟ್ಟೆ ಕೈಯಲ್ಲಿ ಹಿಸುಕಿದಾಗ ಹೊಸ ನೋಟಿನಂತೆ ಸದ್ದು ಮಾಡಬೇಕು; ಹಳೆ ಪಂಚೆಯಂತೆ ಮೆತ್ತಗಿದ್ದರೆ ಬಿಸಿಲು ಅದನ್ನು ತಿಂದಿದೆ. ಕೊನೆಗೆ ನಾಲ್ಕು ಲೈನುಗಳ ತುದಿಯನ್ನೂ ಒಂದೇ ಕಂಬಕ್ಕೆ ಕಟ್ಟಿ, ಬಾರ್ ಹಿಡಿದು ಹಿಂದಕ್ಕೆ ಎಳೆಯಿರಿ. ಬಾರ್ ಓರೆಯಾದರೆ ಲೈನು ಹಿಗ್ಗಿದೆ. ಬೆಲೆ ಇಳಿಸಿ, ಹೊಸ ಲೈನು ಹಾಕಿಸಿಕೊಳ್ಳಿ.

9. ದಡದಲ್ಲಿ ಪರೀಕ್ಷೆ

ಇಳಿಯುವ ಮುನ್ನ ನಿಮ್ಮಷ್ಟೇ ತೂಕದ ಇಬ್ಬರನ್ನು ಹುಡುಕಿ, ಅವರು ಹಾರಿಸುತ್ತಿರುವ ಅಳತೆ ಕೇಳಿ. ಅವರದು 8 ಆಗಿ ನಿಮ್ಮದು 10 ಆಗಿದ್ದರೆ ಅಂದು ಕಾಯಿರಿ.

ಕೈಟ್ ನೆತ್ತಿಯ ಮೇಲಿರುವಾಗಲೇ ಹಿಮ್ಮಡಿ ಹಗುರಾಗುತ್ತಿದ್ದರೆ, ಬಾರ್ ಪೂರ್ತಿ ತಳ್ಳಿದ್ದರೂ ಮುಂದಕ್ಕೆ ಎಳೆಯುತ್ತಿದ್ದರೆ, ಬೋರ್ಡಿನ ಅಂಚು ಹಿಡಿಯದೆ ಗಾಳಿಯ ಜೊತೆ ಕೊಚ್ಚಿಹೋಗುತ್ತಿದ್ದರೆ ಕೈಟ್ ದೊಡ್ಡದು. ಕೂಡಲೇ ಇಳಿಸಿ, ಇಳಿಸಲು ಯಾರೂ ಇಲ್ಲದಿದ್ದರೆ ಕ್ವಿಕ್ ರಿಲೀಸ್ ತಳ್ಳಿ. ಕೈಟನ್ನು ಎಡಕ್ಕೂ ಬಲಕ್ಕೂ ಬಿಡದೆ ಆಡಿಸುತ್ತಿದ್ದರೂ ಬೋರ್ಡ್ ಮುಳುಗುತ್ತಿದ್ದರೆ ಚಿಕ್ಕದು. ಆಗ ಬಾರನ್ನು ಇನ್ನಷ್ಟು ಎಳೆಯುವುದು ಎಲ್ಲರೂ ಮಾಡುವ ತಪ್ಪು. ಹಗುರ ಗಾಳಿಯಲ್ಲಿ ಹಾಗೆ ಎಳೆದರೆ ಕೈಟಿನ ಹಾರಾಟವೇ ನಿಲ್ಲುತ್ತದೆ. ಸ್ವಲ್ಪ ಬಿಡಿ, ಅದು ಹಾರಲಿ.

ಕಡಲ ಅಂಚಿನಲ್ಲಿ ಕಪ್ಪು ಮೋಡದ ಸಾಲು ಕಂಡರೆ ಯಾವ ಲೆಕ್ಕವೂ ನಡೆಯದು. ಅದರ ಮುಂದೆ ಓಡಿ ಬರುವ ಗಾಳಿ ನಿಮಿಷದಲ್ಲಿ ಎರಡರಷ್ಟಾಗಬಹುದು. ಮೋಡ ದೂರ ಇರುವಾಗಲೇ ಕೈಟ್ ಇಳಿಸಿ, ಗಾಳಿ ತೆಗೆದು, ಮಡಚಿಡಿ.

ಎರಡನೆಯ ಕೈಟ್ ಯಾವಾಗ?

ಎರಡು ಬೇರೆ ಬೇರೆ ಗಾಳಿಗಾಲದಲ್ಲಿ ಆಡಿದ ಮೇಲೆ. ಅಷ್ಟರಲ್ಲಿ ನೀವು ಬರೆದಿಟ್ಟ ಪುಸ್ತಕದಲ್ಲಿ ಎಷ್ಟು ದಿನ ಗಾಳಿ ಸಾಲದೆ ಕೂತಿರಿ, ಎಷ್ಟು ದಿನ ಗಾಳಿ ಹೆಚ್ಚಾಗಿ ಕೂತಿರಿ ಎಂಬುದು ಸಿಗುತ್ತದೆ. ಯಾವುದು ಹೆಚ್ಚೋ ಆ ಕಡೆಗೆ ಕೊಳ್ಳಿ. ನಡುವಿನ ಅಂತರ ಚಿಕ್ಕ ಕಡೆಗಾದರೆ 2 ಮೀಟರ್, ದೊಡ್ಡ ಕಡೆಗಾದರೆ 3 ಮೀಟರ್: 9 ಇದ್ದವರಿಗೆ 7 ಅಥವಾ 12. ಅದೇ ಕಂಪನಿಯ ಅದೇ ಮಾದರಿ ತೆಗೆದುಕೊಂಡರೆ ಮೊದಲಿನ ಬಾರೇ ಸಾಕಾಗಬಹುದು. ಕೊಳ್ಳುವ ಮೊದಲು ಆ ಬಾರಿನ ಅಗಲ ಎರಡೂ ಅಳತೆಗೆ ಹೊಂದುತ್ತದೆಯೇ ಎಂದು ಕೇಳಿಕೊಳ್ಳಿ. ಸಾಮಾನ್ಯವಾಗಿ 45 ಸೆಂ.ಮೀ. ಬಾರ್ ಚಿಕ್ಕ ಕೈಟಿಗೆ, 50ಕ್ಕಿಂತ ಮೇಲಿನದು ದೊಡ್ಡದಕ್ಕೆ.